ಹೆಸರು ಅವರವರದು

ದೊಡ್ಡಬಳ್ಳಾಪುರದಲ್ಲಿ ಹುಟ್ಟಿ ಬೆಳೆದ ನನ್ನಂಥವರ ಕಿವಿಗೆ ಮಗ್ಗದ ಸದ್ದು ಸದ್ದೆಂದೇ ತೋರುವುದಿಲ್ಲ. ಬೀದಿಯ ಎರಡು ಸಾಲಿನ ಮನೆಗಳಲ್ಲಿಯೂ ನಸುಕಿನಿಂದ ರಾತ್ರಿಯ ಊಟದ ಹೊತ್ತಿನವರೆಗೆ ಲಾಳಿಯು ಅತ್ತಿಂದಿತ್ತ ಬಡಿಯುತ್ತಿರುವಷ್ಟು ಕಾಲವೂ ಗಂಡಹೆಂಡಿರು ಸಾಲಸೋಲದ ವಿಚಾರವನ್ನು ಮಾತನಾಡಿಕೊಳ್ಳಬಹುದಾಗಿತ್ತು, ತಾಯಿಯು ಮಗಳಿಗೆ ಬುದ್ಧಿ ಹೇಳಬಹುದಾಗಿತ್ತು, ಹೊಸದಾಗಿ ಬಂದ ಸೊಸೆಯು ತವರನ್ನು ನೆನೆದು ಅಡುಗೆಮನೆಯ ಮೂಲೆಯಲ್ಲಿ ಅಳಬಹುದಾಗಿತ್ತು. ಒಂದೇ ಗೋಡೆಯ ಆಚೆಗಿದ್ದ ನೆರೆಯವರಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ವಿದ್ಯುಚ್ಛಕ್ತಿ ನಿಂತೊಡನೆ ಊರಿಗೆ ಊರೇ ಮೌನವಾಗುತ್ತಿತ್ತು; ಆ ಮೌನದಲ್ಲಿ ಗೋಡೆಗಳೆಲ್ಲ ಇದ್ದಕ್ಕಿದ್ದಂತೆ ತೆಳ್ಳಗಾದಂತಾಗಿ ಪಕ್ಕದ ಮನೆಯ ಪಿಸುಮಾತೂ ನಮ್ಮ ಮನೆಗೆ ನಡೆದು ಬರುತ್ತಿತ್ತು. ಅಂಥ ಸಮಯದಲ್ಲಿ ನನ್ನ ತಾಯಿ ಕೈಯಲ್ಲಿದ್ದ ಕೆಲಸವನ್ನು ಅಷ್ಟಕ್ಕೇ ಬಿಟ್ಟು, “ಏಳ್ರೋ, ಜಗಲಿ ಮೇಲೆ ಕೂತ್ಕೊಳ್ಳೋಣ” ಎಂದು ನಮ್ಮನ್ನೆಲ್ಲ ಹೊರಗೆ ಕರೆತರುತ್ತಿದ್ದಳು. ಸೆಖೆಗಾಗಿ ಹೀಗೆ ಮಾಡುತ್ತಾಳೆಂದು ನಾನು ಬಹುಕಾಲ ತಿಳಿದಿದ್ದೆ. ಮಾಗಿಯ ಚಳಿಯಲ್ಲಿಯೂ ಅವಳು ಹಾಗೆಯೇ ಮಾಡುತ್ತಿದ್ದಳೆಂಬುದು ನೆನಪಿಗೆ ಬಂದು, ತನ್ನದಲ್ಲದ ಮಾತು ತನ್ನ ಕಿವಿಗೆ ಬೀಳಬಾರದೆಂದು ಅವಳು ಎದ್ದು ಹೊರಗೆ ಬರುತ್ತಿದ್ದಳೆಂಬ ಅರ್ಥ ನನಗೆ ಹೊಳೆದದ್ದು ಅವಳು ತೀರಿಕೊಂಡ ಎಷ್ಟೋ ವರ್ಷಗಳ ತರುವಾಯ.

ನನ್ನ ತಂದೆಯವರಿಗೆ ನಾಲ್ಕು ಮಗ್ಗಗಳಿದ್ದವು. ಗೋಡೆಯ ಗೂಡಿನಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು. ನಮ್ಮಲ್ಲಿ ನೇಯುತ್ತಿದ್ದವರ, ನೂಲಿಗೆ ಬಣ್ಣ ಕಟ್ಟುತ್ತಿದ್ದವರ, ಹಾಸು ಹಾಕಿಕೊಡುತ್ತಿದ್ದವರ ಹೆಸರು, ಊರು, ಅವರು ಪಡೆದ ಮುಂಗಡ, ಪಡೆದದ್ದು ಯಾವ ಕಾರಣಕ್ಕಾಗಿ ಎಂಬ ಎರಡು ಮಾತು, ಇಷ್ಟನ್ನೂ ಅವರು ತಮ್ಮ ದುಂಡನೆಯ ಅಕ್ಷರಗಳಲ್ಲಿ ಬರೆದಿಡುತ್ತಿದ್ದರು. ಮಗಳ ಮದುವೆ, ತಾಯಿಯ ಕಾಯಿಲೆ, ಬಾಣಂತನ, ಕೋರ್ಟಿನ ಖರ್ಚು: ಒಂದು ಬೀದಿಯ ಸುಖದುಃಖಗಳ ಚರಿತ್ರೆಯೆಲ್ಲ ಆ ಪುಸ್ತಕದೊಳಗಿತ್ತು. ಒಂದು ಬೇಸಗೆಯಲ್ಲಿ ಬೆಂಗಳೂರಿನ ನೂಲಿನ ವ್ಯಾಪಾರಿಯೊಬ್ಬರ ಕಡೆಯವರು ನಮ್ಮ ಮನೆಗೆ ಬಂದು, ಗಂಟೆಗೊಮ್ಮೆ ಇಂಪಾಗಿ ಹೊಡೆಯುವ ಹೊಚ್ಚ ಹೊಸ ಗೋಡೆಗಡಿಯಾರವೊಂದನ್ನು ತಂದೆಯವರ ಮುಂದಿಟ್ಟು, ಅದಕ್ಕೆ ಕಾಸನ್ನೇನೂ ಕೊಡಬೇಕಾಗಿಲ್ಲವೆಂದೂ, ಪುಸ್ತಕದಲ್ಲಿರುವ ಹೆಸರು ವಿಳಾಸಗಳನ್ನು ಒಂದು ಘಳಿಗೆ ಕುಳಿತು ಬರೆದುಕೊಂಡು ಹೋಗಲು ಅವಕಾಶವಾದರೆ ಸಾಕೆಂದೂ ಕೇಳಿದರು. ತಂದೆಯವರು ಅವರಿಗೆ ಕಾಫಿ ಕೊಡಿಸಿದರು, ಗಡಿಯಾರವನ್ನು ಮೆಚ್ಚಿಕೊಂಡರು, ಆಮೇಲೆ ಅದನ್ನು ಅವರ ಕಡೆಗೆ ಮೆಲ್ಲನೆ ಸರಿಸಿ ಹೇಳಿದರು: “ಪುಸ್ತಕ ನಂದು ಸ್ವಾಮಿ, ಅದ್ರೊಳಗಿರೋ ಹೆಸರು ಅವರವರದು.” ಮಕ್ಕಳಾದ ನಾವು ಗಡಿಯಾರ ಕೈತಪ್ಪಿತೆಂದು ಅಂದು ಬಹಳ ನೊಂದುಕೊಂಡೆವು.

ಇಷ್ಟು ಹಳೆಯ ಸಂಗತಿಯನ್ನು ನನಗೆ ಮರಳಿ ನೆನಪಿಸಿದ್ದು ಈಚೆಗೆ ಬಂದ ಒಂದು ದೂರವಾಣಿ ಕರೆ. ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ, ಚಕೋತಕ್ಕೂ ದ್ರಾಕ್ಷಿಗೂ ಹೆಸರಾದ ಆ ಸೀಮೆಯ ನೆಲಕ್ಕೆ ಬೆಲೆ ಬಂದು, ನಿವೇಶನ ಮಾರುವವರ ಕರೆ ನಮ್ಮ ಭಾಗದವರಿಗೆ ದಿನನಿತ್ಯದ ಮಾತಾಗಿದೆ; ಆದಕಾರಣ ಕರೆ ಬಂದುದರಲ್ಲಿ ವಿಶೇಷವಿರಲಿಲ್ಲ. ವಿಶೇಷವಿದ್ದುದು ಕರೆದವನು ನನ್ನನ್ನು ಸಂಬೋಧಿಸಿದ ರೀತಿಯಲ್ಲಿ. “ಮಗ್ಗದ ಮೇಷ್ಟ್ರಾ ಸಾರ್ ಮಾತಾಡ್ತಿರೋದು?” ಎಂದು ಆ ಅಪರಿಚಿತ ತರುಣ ಕೇಳಿದ. ಹೊಸಕೋಟೆಯಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ನನ್ನದೇ ಹೆಸರಿನ ಇನ್ನೊಬ್ಬ ಉಪಾಧ್ಯಾಯರು ಶಾಲೆಯಲ್ಲಿದ್ದುದರಿಂದ, ನನ್ನ ಆಪ್ತ ಗೆಳೆಯನೊಬ್ಬ ಸಲಿಗೆಯಿಂದ ನನಗಿಟ್ಟ ಹೆಸರದು. ಲೋಕದಲ್ಲಿ ಅವನೊಬ್ಬನನ್ನುಳಿದು ಮತ್ತಾರೂ ಆ ಹೆಸರಿನಿಂದ ನನ್ನನ್ನು ಕರೆದವರಿಲ್ಲ. ಸಂಜೆ ಅವನಿಗೆ ಫೋನು ಮಾಡಿ ವಿಚಾರಿಸಿದೆ. ಅವನ ಮೊಬೈಲಿನಲ್ಲಿ ನನ್ನ ಸಂಖ್ಯೆ ಅದೇ ಹೆಸರಿನಲ್ಲಿತ್ತು. ಕರೆ ಮಾಡುತ್ತಿರುವವರು ಯಾರೆಂದು ಮುಂಚಿತವಾಗಿಯೇ ತೋರಿಸುವ ಉಚಿತ ಆಪ್ ಒಂದನ್ನು ಅವನು ಹಿಂದಿನ ವರ್ಷ ಹಾಕಿಸಿಕೊಂಡಿದ್ದ, ಅದು ಅವನ ಸಂಪರ್ಕಗಳ ಪಟ್ಟಿಯನ್ನು ಓದಲು ಅಪ್ಪಣೆ ಬೇಡಿತ್ತು, ಅವನು ಕೊಟ್ಟಿದ್ದ. ನನ್ನ ಹೆಸರು ಅವನ ಮನೆಯಿಂದ ಹೊರಬೀಳಲು ಬೇರೆ ಯಾವ ಬಾಗಿಲೂ ನಮ್ಮಿಬ್ಬರಿಗೂ ಕಾಣಲಿಲ್ಲ. ಅವನ ಮೇಲೆ ಸ್ವಲ್ಪ ಬೇಸರಗೊಂಡೇ ಮಾತು ಮುಗಿಸಿದವನು, ಏನನ್ನೋ ಯೋಚಿಸಿ ನನ್ನ ಮೊಬೈಲನ್ನು ತೆರೆದು, ಯಾವ ಆಪ್‌ಗೆ ಯಾವ ಅನುಮತಿ ಇದೆಯೆಂದು ತೋರಿಸುವ ಪುಟವನ್ನು ಮೊದಲ ಬಾರಿಗೆ ಓದಿದೆ. ಟಾರ್ಚು, ಪಂಚಾಂಗ, ಕಾಗದಪತ್ರಗಳ ಚಿತ್ರ ತೆಗೆಯುವ ಸಾಧನ, ಹಬ್ಬದ ಶುಭಾಶಯಗಳನ್ನು ಸಿದ್ಧಪಡಿಸುವ ಸಾಧನ: ಪುಕ್ಕಟೆಯಾಗಿ ಬಂದ ಈ ನಾಲ್ಕಕ್ಕೂ ನನ್ನ ಸಂಪರ್ಕಗಳ ಪಟ್ಟಿಯನ್ನು ಓದುವ ಅಪ್ಪಣೆ ನನ್ನ ಕೈಯಿಂದಲೇ ಸಂದಿತ್ತು. ತಂದೆಯವರು ಗಡಿಯಾರಕ್ಕೆ ಕೊಡದೆ ಉಳಿಸಿಕೊಂಡದ್ದನ್ನು ನಾನು ಟಾರ್ಚಿಗೆ ಕೊಟ್ಟಿದ್ದೆ.

ಬೆಲೆಯಿಲ್ಲದೆ ದೊರೆಯುವುದಕ್ಕೆ ನಮ್ಮ ನುಡಿಯಲ್ಲಿರುವ ಮಾತುಗಳನ್ನು ಅಂದಿನಿಂದ ನಾನು ಮತ್ತೆ ಮತ್ತೆ ತೂಗಿ ನೋಡುತ್ತಿದ್ದೇನೆ. ‘ಉಚಿತ’ ಎಂಬುದು ಸಂಸ್ಕೃತದಲ್ಲಿ ‘ತಕ್ಕದ್ದು’ ಎಂಬರ್ಥದ ಪದ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಜೀವಿತವೆಂದು ಕರೆದ ಔಚಿತ್ಯವು ಅದರಿಂದಲೇ ಹುಟ್ಟಿದ್ದು. ಕನ್ನಡಿಗರು ಆ ಪದಕ್ಕೆ ‘ಬೆಲೆಯಿಲ್ಲದ್ದು’ ಎಂಬ ಅರ್ಥವನ್ನು ಬೆಸೆದುದರಲ್ಲಿ, ಕೊಡತಕ್ಕದ್ದನ್ನು ಕೊಡುವಾಗ ಪ್ರತಿಫಲವನ್ನು ಎಣಿಸಬಾರದೆಂಬ ಒಂದು ಸೌಜನ್ಯ ನನಗೆ ಕಾಣುತ್ತದೆ. ಇದಕ್ಕೆ ನೆರೆಯಲ್ಲಿಯೇ ‘ಬಿಟ್ಟಿ’ ಎಂಬ ಇನ್ನೊಂದು ಮಾತಿದೆ. ಅದು ‘ವಿಷ್ಟಿ’ ಎಂಬುದರ ತದ್ಭವ. ಅರಸನಿಗೋ ಊರೊಡೆಯನಿಗೋ ಕೂಲಿಯಿಲ್ಲದೆ ಸಲ್ಲಿಸಬೇಕಾಗಿದ್ದ ಬಲಾತ್ಕಾರದ ದುಡಿಮೆಯಾಗಿ ಪ್ರಾಚೀನ ಶಾಸನಗಳಲ್ಲಿ ತೆರಿಗೆಗಳ ಜೊತೆಯಲ್ಲಿ ಅದರ ಉಲ್ಲೇಖವುಂಟು. ದುಡಿದವನಿಗೆ ಕಣ್ಣೀರಾಗಿದ್ದ ಮಾತು ಪಡೆದವನ ಬಾಯಲ್ಲಿ ಲಾಭದ ಮಾತಾಗಿ ಇಂದಿಗೂ ಉಳಿದಿದೆ. ಒಂದು ವಸ್ತು ನಮಗೆ ಕಾಸಿಲ್ಲದೆ ಬಂದಾಗ ಅದು ಉಚಿತವಾಗಿ ಬಂದಿತೋ ಬಿಟ್ಟಿಯಾಗಿ ಬಂದಿತೋ, ಬಿಟ್ಟಿಯಾಗಿದ್ದರೆ ಅದಕ್ಕಾಗಿ ದುಡಿದವರು ಯಾರು ಎಂದು ಕೇಳಿಕೊಳ್ಳುವಷ್ಟು ವಿವೇಕವನ್ನು ಭಾಷೆಯೇ ನಮಗೆ ಕಲಿಸಿಟ್ಟಿದೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಚಿಕ್ಕಂದಿನಲ್ಲಿ ಹೋಗುತ್ತಿದ್ದಾಗ ದಾರಿಯುದ್ದಕ್ಕೂ ಅರವಟ್ಟಿಗೆಗಳನ್ನು ನೋಡುತ್ತಿದ್ದೆ. ಪಾನಕವನ್ನೋ ಮಜ್ಜಿಗೆಯನ್ನೋ ಬೊಗಸೆಗೆ ಸುರಿಯುವವರು, “ಯಾವೂರು ಯಜಮಾನ್ರೇ?” ಎಂದು ಕೇಳುತ್ತಿದ್ದುದುಂಟು, ಕೇಳಿದ್ದನ್ನು ಯಾರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ನೀರು ಕುಡಿದವನು ಯಾವ ಎತ್ತನ್ನು ಕೊಂಡ, ಎಷ್ಟಕ್ಕೆ ಕೊಂಡ, ಯಾರ ಜೊತೆಯಲ್ಲಿ ಬಂದಿದ್ದ, ಹಿಂದಿರುಗುವಾಗ ಯಾರ ಮನೆಯಲ್ಲಿ ತಂಗಿದ ಎಂದು ಹಿಂಬಾಲಿಸಿ ಹೋಗಿ ಅರಿತು, ಅದನ್ನು ದಲ್ಲಾಳಿಗಳಿಗೆ ಮಾರಿ, ಬಂದ ಹಣದಿಂದ ಮಜ್ಜಿಗೆಯ ಹಂಡೆಯನ್ನು ತುಂಬಿಸುವ ಅರವಟ್ಟಿಗೆ ಒಂದಿದ್ದಿದ್ದರೆ, ಅದನ್ನು ಅರವಟ್ಟಿಗೆಯೆಂದು ಊರಿನವರು ಕರೆಯುತ್ತಿರಲಿಲ್ಲ. ಉಚಿತ ತಂತ್ರಾಂಶಗಳಲ್ಲಿ ಬಹುಪಾಲಿನ ಜೀವನೋಪಾಯ ಇಂಥದು. ತಂತ್ರಾಂಶವನ್ನು ಕಟ್ಟಿದವರಿಗೂ ಹೊಟ್ಟೆಯುಂಟು, ಸಂಬಳದ ಖರ್ಚುಂಟು. ಬಳಸುವವನು ಹಣ ಕೊಡದಿದ್ದಾಗ ಜಾಹೀರಾತುದಾರನು ಕೊಡುತ್ತಾನೆ. ಆ ಜಾಹೀರಾತುದಾರನಿಗೆ ಬೇಕಾದದ್ದು ಬಳಸುವವನ ಪರಿಚಯ. ಇಷ್ಟರವರೆಗೆ ಇದೊಂದು ವ್ಯಾಪಾರ. ವ್ಯಾಪಾರದಲ್ಲಿ ತಪ್ಪೇನೂ ಇಲ್ಲ. ತಪ್ಪು ಒದಗುವುದು ಬೆಲೆಯನ್ನು ಬೆಲೆಯೆಂದು ಹೇಳದೆ ಮುಚ್ಚಿಟ್ಟಾಗ.

ಹಾಗೆ ಮುಚ್ಚಿಟ್ಟುದಕ್ಕೆ ಸಾಕ್ಷ್ಯಗಳಿವೆ. ಅಮೆರಿಕದಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಟಾರ್ಚ್ ಆಪ್ ಕೋಟಿಗಟ್ಟಲೆ ಮೊಬೈಲುಗಳಿಗೆ ಇಳಿದಿತ್ತು. ಅದು ಬಳಸುವವರು ಇರುವ ಸ್ಥಳವನ್ನೂ ಅವರ ಯಂತ್ರದ ಗುರುತನ್ನೂ ಜಾಹೀರಾತಿನ ಜಾಲಗಳಿಗೆ ಕಳುಹಿಸುತ್ತಿತ್ತೆಂದೂ, ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಸೂಚಿಸುವ ಗುಂಡಿಯನ್ನು ಅವರು ಒತ್ತುವುದಕ್ಕೆ ಮೊದಲೇ ಆ ಕಾರ್ಯ ಆರಂಭವಾಗಿರುತ್ತಿತ್ತೆಂದೂ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2013ರ ಡಿಸೆಂಬರಿನಲ್ಲಿ ಹೊರಗೆಡಹಿತು. ಇದಕ್ಕಿಂತ ಶೋಚನೀಯವಾದದ್ದು ಅವಾಸ್ಟ್ ಎಂಬ ಸಂಸ್ಥೆಯ ಪ್ರಸಂಗ. ಗಣಕಯಂತ್ರಗಳನ್ನು ವೈರಸ್ಸುಗಳಿಂದ ಕಾಪಾಡುವ ತಂತ್ರಾಂಶವನ್ನು ಅದು ಉಚಿತವಾಗಿ ಹಂಚುತ್ತಿತ್ತು. ಹಾಗೆ ಕಾವಲು ಕುಳಿತ ತಂತ್ರಾಂಶವೇ ಜನರು ಜಾಲದಲ್ಲಿ ಏನೇನನ್ನು ನೋಡುತ್ತಾರೆಂಬ ವಿವರಗಳನ್ನು ಕೂಡಿಹಾಕುತ್ತಿತ್ತು. ಆ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯು ನೂರಕ್ಕೂ ಮಿಕ್ಕ ಸಂಸ್ಥೆಗಳಿಗೆ ಮಾರುತ್ತಿತ್ತು. ವಿಷಯ ಬಯಲಾದ ಮೇಲೆ 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಲಾಯಿತು. 2024ರ ಫೆಬ್ರವರಿಯಲ್ಲಿ ಅದೇ ಕಮಿಷನ್ 1.65 ಕೋಟಿ ಡಾಲರುಗಳನ್ನು ತೆರುವಂತೆ ಅವಾಸ್ಟಿಗೆ ವಿಧಿಸಿತು. ರಾತ್ರಿಯೆಲ್ಲ ಬೀದಿಯನ್ನು ಕಾಯುವ ಗೂರ್ಖನು ಯಾವ ಮನೆಗೆ ಯಾರು ಬಂದರೆಂದು ಬರೆದುಕೊಂಡು ಬೆಳಗ್ಗೆ ಸಂತೆಯಲ್ಲಿ ಮಾರಿದಂತಾಯಿತು.

ಹೆಸರೊಂದು, ಸ್ಥಳವೊಂದು, ನೋಡಿದ ಪುಟವೊಂದು ಯಾರ ಕೈಸೇರಿದರೇನು, ಇಷ್ಟು ಅಲ್ಪವಾದ ವಸ್ತುವಿನಿಂದ ಆಗುವ ಹಾನಿಯೇನು ಎಂದು ಕೇಳುವವರಿಗೆ ನಮ್ಮೂರಿನ ಜಕಾರ್ಡ್ ಮಗ್ಗವನ್ನು ತೋರಿಸಬೇಕೆಂದು ನನಗೆ ತೋರುತ್ತದೆ. ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆಯೊಂದು ಸುತ್ತುತ್ತಿರುತ್ತದೆ. ಒಂದು ರಟ್ಟನ್ನು ಬಿಚ್ಚಿ ಕೈಗೆ ಕೊಟ್ಟರೆ ಅದರಲ್ಲಿ ಕೆಲವು ತೂತುಗಳ ಹೊರತು ಏನೂ ಕಾಣದು. ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಎಂಬಿಷ್ಟನ್ನೇ ಅದು ಹೇಳುತ್ತದೆ. ಅಂಥ ನೂರಾರು ರಟ್ಟುಗಳು ಕ್ರಮವಾಗಿ ಹಾದು ಹೋದಾಗ ಸೀರೆಯ ಸೆರಗಿನಲ್ಲಿ ನವಿಲು ಮೂಡುತ್ತದೆ, ಅದರ ಕಣ್ಣೂ ಮೂಡುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸ್ ದೇಶದ ಲಿಯಾನ್ ಪಟ್ಟಣದ ರೇಷ್ಮೆಯ ನೇಕಾರರಿಗಾಗಿ ಜಕಾರ್ಡನು ರೂಪಿಸಿದ ಈ ಉಪಾಯವನ್ನು, ಇಂಗ್ಲೆಂಡಿನ ಬಾಬೇಜನು ತಾನು ಕಲ್ಪಿಸಿದ ಗಣನಯಂತ್ರಕ್ಕೆ ಅಳವಡಿಸಬೇಕೆಂದಿದ್ದ. ತೂತು ಹೊಡೆದ ರಟ್ಟುಗಳಿಂದಲೇ ಹೊಲೆರಿತ್ ಎಂಬಾತನು 1890ರಲ್ಲಿ ಅಮೆರಿಕದ ಜನಗಣತಿಯ ಲೆಕ್ಕವನ್ನು ತೆಗೆದ. ಎಳೆಗಳನ್ನು ಎತ್ತುತ್ತಿದ್ದ ರಟ್ಟು ಮನುಷ್ಯರನ್ನು ಎಣಿಸುವುದಕ್ಕೆ ಬಂದದ್ದು ಅಂದಿನಿಂದ. ನಸುಕಿನಲ್ಲಿ ಎದ್ದ ಹೊತ್ತು, ಆಸ್ಪತ್ರೆಯ ಬಳಿ ಕಳೆದ ಒಂದು ಗಂಟೆ, ಸಾಲದ ಬಡ್ಡಿಯ ಬಗ್ಗೆ ಹುಡುಕಿದ ಒಂದು ಪ್ರಶ್ನೆ, ರಾತ್ರಿ ಮಾತನಾಡಿದ ಸಂಖ್ಯೆ, ಇವು ಒಂದೊಂದೂ ಒಂದೊಂದು ತೂತು. ಎಲ್ಲವನ್ನೂ ಪೋಣಿಸಿದಾಗ ಮೂಡುವುದು ನಮ್ಮ ಮುಖ.

ಮೂಡುವುದು ನಮ್ಮ ಮುಖವೊಂದೇ ಆಗಿದ್ದರೆ, ನನ್ನ ವಸ್ತುವನ್ನು ನಾನು ಮಾರಿಕೊಂಡೆನೆಂದು ಸಮಾಧಾನ ಪಟ್ಟುಕೊಳ್ಳಬಹುದಾಗಿತ್ತು. ಹಾಗಲ್ಲವೆಂಬುದನ್ನು ನನಗೆ ತಿಳಿಸಿದವನು ನಮ್ಮ ಬೀದಿಯ ಒಬ್ಬ ತರುಣ ನೇಕಾರ. ಮಗ್ಗದ ಕೆಲಸ ಕುಂದಿದ್ದ ದಿನಗಳಲ್ಲಿ, ಮಗುವಿನ ಚಿಕಿತ್ಸೆಗೆ ಹಣ ಸಾಲದೆ, ಮೊಬೈಲಿನ ಮೂಲಕ ತತ್‌ಕ್ಷಣವೇ ಸಾಲ ಕೊಡುವುದೆಂದು ಹೇಳಿಕೊಂಡ ಆಪ್ ಒಂದನ್ನು ಅವನು ಇಳಿಸಿಕೊಂಡ. ಜಾಮೀನು ಬೇಡ, ಕಾಗದ ಬೇಡ. ಸಂಪರ್ಕಗಳ ಪಟ್ಟಿಯನ್ನು ಓದುವ ಅನುಮತಿಯೊಂದನ್ನು ಕೊಟ್ಟರೆ ಸಾಕು. ಕಂತು ಕಟ್ಟುವುದು ತಡವಾದಾಗ ಆ ಪಟ್ಟಿಯಲ್ಲಿದ್ದವರಿಗೆಲ್ಲ ಕರೆಗಳು ಹೊರಟವು. ಅವನ ಅತ್ತೆಮಾವಂದಿರಿಗೆ, ತಂಗಿಯ ಗಂಡನ ಮನೆಯವರಿಗೆ, ನೆಲಮಂಗಲದಲ್ಲಿದ್ದ ಅವನ ಹಳೆಯ ಧಣಿಗೆ, ಬೀದಿಯ ಕೊನೆಯ ಅಂಗಡಿಯವರಿಗೆ, ನನಗೂ, ಅವನು ಕಳ್ಳನೆಂಬ ಒಕ್ಕಣೆಯ ಸಂದೇಶ ಬಂದಿತು. ಅವನು ಬಂದು ನಮ್ಮ ಜಗಲಿಯ ಮೇಲೆ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ, “ಸಾಲ ತಗೊಂಡೋನು ನಾನೊಬ್ಬ ಮೇಷ್ಟ್ರೇ, ಮಾನ ಹೋಗಿದ್ದು ಎಲ್ಲಾರ್ದೂ” ಎಂದ. ಅವನ ತಂಗಿಗೆ ಗಂಡನ ಮನೆಯಲ್ಲಿ ಕೇಳಿಬಂದ ಮಾತುಗಳನ್ನು ಅವನು ಹೇಳಲಿಲ್ಲ; ನಾನೂ ಕೇಳಲಿಲ್ಲ. ಇವನೊಬ್ಬನ ಕಥೆ ಇದಲ್ಲ. ರಿಸರ್ವ್ ಬ್ಯಾಂಕು ನೇಮಿಸಿದ ಕಾರ್ಯತಂಡವು 2021ರ ನವೆಂಬರಿನಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ತಾನು ಕಂಡ ಸುಮಾರು 1,100 ಸಾಲದ ಆಪ್‌ಗಳಲ್ಲಿ ಸುಮಾರು 600 ಅಕ್ರಮವಾದವುಗಳೆಂದು ಹೇಳಿತು. 2022ರ ಸೆಪ್ಟೆಂಬರಿನಲ್ಲಿ ಬ್ಯಾಂಕು ಹೊರಡಿಸಿದ ನಿರ್ದೇಶಗಳಂತೆ, ಸಾಲ ಕೊಡುವ ಆಪ್ ಮೊಬೈಲಿನೊಳಗಣ ಸಂಪರ್ಕಗಳ ಪಟ್ಟಿಯನ್ನಾಗಲಿ ಕರೆಗಳ ದಾಖಲೆಯನ್ನಾಗಲಿ ಮುಟ್ಟಕೂಡದು.

ಈ ಮಾತನ್ನು ಅಂಕೆಗಳಲ್ಲಿ ಕಾಣಬೇಕೆನ್ನುವವರಿಗೆ ಇನ್ನೊಂದು ಪ್ರಸಂಗವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕನೊಬ್ಬನು, ಕೆಲವು ಪ್ರಶ್ನೆಗಳಿಗೆ ಉತ್ತರಿಸಿದರೆ ನಿಮ್ಮ ಸ್ವಭಾವವನ್ನು ಹೇಳುತ್ತೇನೆನ್ನುವ ಆಪ್ ಒಂದನ್ನು ಫೇಸ್‌ಬುಕ್ಕಿನಲ್ಲಿ ಹರಿಯಬಿಟ್ಟಿದ್ದ. ಅದರಿಂದ ದೊರೆತ ವಿವರಗಳು ಚುನಾವಣೆಯ ಪ್ರಚಾರಕ್ಕೆ ಸಲಹೆ ಮಾರುವ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈಸೇರಿದವು. 2018ರ ಏಪ್ರಿಲಿನಲ್ಲಿ ಫೇಸ್‌ಬುಕ್ ಸಂಸ್ಥೆಯೇ ತಿಳಿಸಿದಂತೆ, ಭಾರತದಲ್ಲಿ ಆ ಆಪ್ ಅನ್ನು ಹಾಕಿಕೊಂಡವರು 335 ಮಂದಿ. ಅದರಿಂದ ಬಾಧಿತರಾಗಿರಬಹುದಾದವರು 5,62,455 ಮಂದಿ. ಒಬ್ಬೊಬ್ಬನ ಕುತೂಹಲಕ್ಕೆ ಸುಮಾರು 1,680 ಜನರು ತೆರಬೇಕಾಯಿತು. ಅವರು ಮಾಡಿದ ಅಪರಾಧವಾದರೂ ಏನು? ಆ 335 ಮಂದಿಯ ಸ್ನೇಹಿತರಾಗಿದ್ದುದು. ಬಿಟ್ಟಿಯಾಗಿ ಬಂದುದಕ್ಕೆ ದುಡಿದವರು ಯಾರೆಂದು ಕೇಳಿದ್ದೆನಲ್ಲ, ಅದರ ಉತ್ತರ ಇಲ್ಲಿದೆ: ನಮ್ಮನ್ನು ನಂಬಿ ತಮ್ಮ ಹೆಸರು ಹೇಳಿದವರು.

“ನಮ್ಮಂಥ ಬಡವರಲ್ಲಿ ಮುಚ್ಚಿಡೋಕೆ ಏನಿದೆ?” ಎಂದು ಕೆಲವರು ಕೇಳುತ್ತಾರೆ, ಖಾಸಗಿತನವೆಂಬುದು ಪಾಶ್ಚಾತ್ಯರಿಂದ ಬಂದ ಕಲ್ಪನೆಯೆಂದು ಇನ್ನು ಕೆಲವರು ಹೇಳುತ್ತಾರೆ. ಪದವು ಹೊಸದಿರಬಹುದು. ವಿದ್ಯುತ್ತು ಹೋದಾಗ ಮಕ್ಕಳನ್ನು ಕಟ್ಟಿಕೊಂಡು ಜಗಲಿಗೆ ಬರುತ್ತಿದ್ದ ನನ್ನ ತಾಯಿಗೆ ಆ ಪದ ಗೊತ್ತಿರಲಿಲ್ಲ. ಅದರ ಧರ್ಮ ಗೊತ್ತಿತ್ತು. ಮುಚ್ಚಿಡಬೇಕಾದ ಅಪರಾಧವೊಂದೂ ಇಲ್ಲದ ಮನೆಗೂ ಬಾಗಿಲಿರುತ್ತದೆ, ಬಾಗಿಲಿಗೆ ಹೊಸ್ತಿಲಿರುತ್ತದೆ, ಹೊಸ್ತಿಲ ಈಚೆಗೆ ನಿಂತು ಕೂಗಿ ಒಳಗೆ ಬರುವುದು ಮರ್ಯಾದೆಯೆನಿಸಿರುತ್ತದೆ. ಈ ಮರ್ಯಾದೆಗೆ ನಮ್ಮ ದೇಶದಲ್ಲಿ ಸಂವಿಧಾನದ ಬಲವನ್ನು ದೊರಕಿಸಿಕೊಟ್ಟವರು ನಮ್ಮ ನೆರೆಯ ಬೆಂಗಳೂರಿನ ಒಬ್ಬ ವೃದ್ಧರೆಂಬುದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಇತರರು ವಿಶ್ರಾಂತಿಯನ್ನು ಬಯಸುವ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ರಾತ್ರಿಯ ವೇಳೆ ಪೊಲೀಸರು ಮನೆಗೆ ಬಂದು ಬಾಗಿಲು ತಟ್ಟುವುದರ ವಿರುದ್ಧ ಖರಕ್ ಸಿಂಗ್ ಎಂಬಾತನು ಹೂಡಿದ್ದ ಮೊಕದ್ದಮೆಯಲ್ಲಿ, 1962ರಲ್ಲಿ, ಆ ನ್ಯಾಯಾಲಯವು ಬಾಗಿಲು ತಟ್ಟುವುದನ್ನು ನಿಲ್ಲಿಸಿತಾದರೂ, ಖಾಸಗಿತನವು ಸಂವಿಧಾನದತ್ತವಾದ ಹಕ್ಕಲ್ಲವೆಂದಿತ್ತು. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ ಆ ಮಾತನ್ನು ತಳ್ಳಿಹಾಕಿ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಕಾಲವಾದರು. ಅವರ ಹೆಸರಿನ ತೀರ್ಪು ನಮ್ಮೆಲ್ಲರ ಮನೆಯ ಹೊಸ್ತಿಲಾಗಿ ನಿಂತಿದೆ.

ಆ ತೀರ್ಪಿನ ತರುವಾಯ 2023ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶಗಳ ಸಂರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ವಿಧಿಗಳು ಜಾರಿಗೆ ಬರಲು ಅಂದಿನಿಂದ 18 ತಿಂಗಳುಗಳ ಅವಧಿಯನ್ನು ಕೊಡಲಾಗಿದೆ. ಅನುಮತಿಯನ್ನು ಕೇಳುವ ಒಕ್ಕಣೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದಿಕೊಳ್ಳುವ ಅವಕಾಶ ಬಳಸುವವನಿಗೆ ಇರಬೇಕೆಂದು ಆ ಕಾಯಿದೆ ಹೇಳುತ್ತದೆ. ಎಂದರೆ, ಇದುವರೆಗೆ ಇಂಗ್ಲಿಷಿನ ಹತ್ತಾರು ಪುಟಗಳ ಕೆಳಗೆ ಕಣ್ಣು ಮುಚ್ಚಿ ಒಪ್ಪಿಗೆಯಿತ್ತ ನಮ್ಮ ನೇಕಾರನು, ನೀವು ಕೇಳುತ್ತಿರುವುದೇನೆಂಬುದನ್ನು ಕನ್ನಡದಲ್ಲಿ ಹೇಳಿರೆಂದು ಕೇಳಲು ಅಧಿಕಾರಿಯಾಗುತ್ತಾನೆ. ಕಾಯಿದೆಯಲ್ಲಿಯೇ ಒಂದು ದೃಷ್ಟಾಂತವಿದೆ: ದೂರದಿಂದ ವೈದ್ಯರ ಸಲಹೆ ಕೊಡಿಸುವ ಆಪ್ ಒಂದು ಸಂಪರ್ಕಗಳ ಪಟ್ಟಿಯನ್ನೂ ಕೇಳಿ, ಬಳಸುವವಳು ಎರಡಕ್ಕೂ ಒಪ್ಪಿದ್ದರೂ, ಚಿಕಿತ್ಸೆಗೆ ಆ ಪಟ್ಟಿ ಅನಾವಶ್ಯಕವಾದ್ದರಿಂದ ಅವಳ ಒಪ್ಪಿಗೆ ಚಿಕಿತ್ಸೆಗೆ ಬೇಕಾದ ವಿವರಗಳಿಗೆ ಮಾತ್ರ ಸಲ್ಲುತ್ತದೆ. ನನ್ನ ತಂದೆಯವರ ವಿವೇಕವು ಪಾರ್ಲಿಮೆಂಟಿನ ಭಾಷೆಯಲ್ಲಿ ಬರೆದಂತೆ ಅದನ್ನು ಓದಿ ನನಗೆ ಸಂತೋಷವಾಯಿತು. ಆದರೆ ಅದೇ ಕಾಯಿದೆಯು, ವ್ಯಕ್ತಿಯೊಬ್ಬನು ತನ್ನ ಸ್ವಂತಕ್ಕಾಗಿಯೋ ಮನೆವಾರ್ತೆಗಾಗಿಯೋ ಇಟ್ಟುಕೊಂಡ ವಿವರಗಳಿಗೆ ತಾನು ಅನ್ವಯಿಸುವುದಿಲ್ಲವೆಂದೂ ಹೇಳುತ್ತದೆ. ಸಂಸ್ಥೆಯನ್ನು ಕಾಯಿದೆಯು ಕಟ್ಟಿಹಾಕಬಲ್ಲುದು. ಗೆಳೆಯನ ಹೆಸರನ್ನು ಮೊಬೈಲಿನಲ್ಲಿಟ್ಟುಕೊಂಡ ನನ್ನನ್ನು ಕಟ್ಟಿಹಾಕುವುದು ನನ್ನ ಅಂತಃಕರಣವೊಂದೇ.

ಕಾಸಿಲ್ಲದೆ ಬಂದುದನ್ನೆಲ್ಲ ತಿರಸ್ಕರಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಹಣ ಕೊಡಲಾರದ ಮನೆಯ ಹುಡುಗಿಯೊಬ್ಬಳು ಉಚಿತವಾಗಿ ದೊರೆಯುವ ಪಾಠಗಳನ್ನು ಕೇಳಿಯೇ ನಮ್ಮ ಬೀದಿಯಲ್ಲಿ ಪರೀಕ್ಷೆ ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಅಲ್ಲದೆ, ನಿಜವಾದ ಅರವಟ್ಟಿಗೆಗಳೂ ಗಣಕಲೋಕದಲ್ಲಿ ಇವೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯಿಂದಲೂ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ದಿಂದಲೂ, ಜಾಲದ ಸಂಪರ್ಕವೇ ಇಲ್ಲದ ಗಣಕದ ಮುಂದೆ ಕುಳಿತು ತೆರೆಯ ಮೇಲೆ ಮೊದಲ ಕನ್ನಡ ಅಕ್ಷರವನ್ನು ಮೂಡಿಸಿದ ನಮ್ಮ ತಲೆಮಾರಿನವರಿಗೆ ಆ ಆನಂದ ಮರೆಯುವಂಥದಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು 1983ರಲ್ಲಿ ಆರಂಭಿಸಿದ ಚಳವಳಿಯು ಕೇಳಿದ್ದು ಕಾಸಿನ ವಿನಾಯಿತಿಯನ್ನಲ್ಲ, ತಂತ್ರಾಂಶದ ಒಡಲನ್ನು ಬಿಚ್ಚಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಪದವಿರುವುದರಿಂದ ಅವರು ಜೀವಮಾನವಿಡೀ ಭೇದವನ್ನು ವಿವರಿಸಬೇಕಾಯಿತು. ಕನ್ನಡದಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಲಿನಕ್ಸ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮೊದಲಾದ ಮುಕ್ತ ತಂತ್ರಾಂಶಗಳ ಸೂತ್ರವನ್ನು ಬಲ್ಲವರು ಯಾರು ಬೇಕಾದರೂ ಓದಬಹುದು. ಮುಕ್ತವೆಂದ ಮಾತ್ರಕ್ಕೆ ದೋಷರಹಿತವೆಂದಾಗದು; ಹಂಡೆಯ ಮುಚ್ಚಳ ತೆರೆದಿದೆ, ಒಳಗೇನಿದೆಯೆಂದು ಬಗ್ಗಿ ನೋಡಬಹುದು ಎಂಬಷ್ಟು ಭರವಸೆ ಅಲ್ಲಿ ಉಂಟು.

ನಿವೇಶನದವನ ಕರೆ ಬಂದ ದಿನ ರಾತ್ರಿ ಕುಳಿತು ನಾನು ಮಾಡಿದ ಕೆಲಸ ಬಹಳ ಸಣ್ಣದು. ಟಾರ್ಚಿನ ಆಪ್ ಅನ್ನು ತೆಗೆದುಹಾಕಿದೆ. ಮೊಬೈಲಿನ ಜೊತೆಯಲ್ಲಿಯೇ ಬಂದ ದೀಪವೊಂದು ಅದರಲ್ಲಿದ್ದುದನ್ನು ಆಗಲೇ ಗಮನಿಸಿದ್ದು. ಉಳಿದ ಮೂರಕ್ಕೂ ಕೊಟ್ಟಿದ್ದ ಅಪ್ಪಣೆಯನ್ನು ಹಿಂತೆಗೆದುಕೊಂಡೆ. ಪಂಚಾಂಗವು ಯಾರ ಹೆಸರನ್ನೂ ಓದದೆ ತಿಥಿ ನಕ್ಷತ್ರಗಳನ್ನು ಮೊದಲಿನಂತೆಯೇ ಹೇಳುತ್ತಿದೆ. ಆಗಲೇ ಹೊರಗೆ ಹೋಗಿರುವ ಹೆಸರುಗಳನ್ನು ಮರಳಿ ಕರೆತರುವ ಉಪಾಯ ನನ್ನ ಕೈಯಲ್ಲಿಲ್ಲ. ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮೊಬೈಲಿನ ಅನುಮತಿಗಳ ಪುಟವನ್ನೊಮ್ಮೆ ತೆರೆದು ನೋಡಿ. ನಿಮ್ಮ ಪಟ್ಟಿಯಲ್ಲಿರುವವರನ್ನು ಯಾವ ಯಾವ ಸಾಧನಕ್ಕೆ ಒಪ್ಪಿಸಿದ್ದೀರೆಂದು ನೋಡಿ. ಆ ಹೆಸರುಗಳನ್ನು ಒಂದೊಂದಾಗಿ, ಮುಖಗಳನ್ನು ನೆನೆದುಕೊಂಡು ಓದಿ. ಬೇಡವೆನಿಸಿದ್ದನ್ನು ಹಿಂತೆಗೆದುಕೊಳ್ಳಲು ಎರಡು ನಿಮಿಷ ಸಾಕು.

ನನ್ನ ಮೊಬೈಲಿನಲ್ಲಿ 437 ಹೆಸರುಗಳಿವೆ. ಅವರಲ್ಲಿ 11 ಮಂದಿ ಈಗ ಬದುಕಿಲ್ಲ. ಅಳಿಸಲು ಮನಸ್ಸು ಬಾರದೆ ಅವರ ಹೆಸರುಗಳನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಒಂದು ದೀಪಕ್ಕೆ ಬೆಲೆಯಾಗಿ ತಮ್ಮ ಹೆಸರನ್ನು ಕೊಡೆಂದು ಈ 437 ಮಂದಿಯಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ.